ತಮ್ಮ ಹಾಕಿಕೊಟ್ಟ ಕಾಲಿಂಗ್ ಬೆಲ್

ಜಿಪ್ಪಕ್ಕನಿಗೆ ಆ ಹೆಸರು ಕೊಟ್ಟವರು ಕೆಳಗಿನ ಇಸ್ತ್ರಿ ಅಂಗಡಿಯ ಯಜಮಾನರು. ಆಕೆ ಹೊಸ ಬಟ್ಟೆ ಹೊಲಿಯುವವಳಲ್ಲ, ಹೊಲಿದದ್ದನ್ನು ಸರಿಮಾಡುವವಳು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಬಿಗಿಯಾದ ಸೊಂಟ ಬಿಡಿಸಿಕೊಡುವುದು, ಕೋಟಿನ ಹರಿದ ಲೈನಿಂಗ್ ಬದಲಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ, ಕೆಟ್ಟ ಜಿಪ್ಪು ಕಿತ್ತು ಹೊಸದು ಕೂರಿಸುವುದು. ಇಸ್ತ್ರಿಗೆ ಬಂದ ಬಟ್ಟೆಯಲ್ಲಿ ಜಿಪ್ಪು ಕೆಟ್ಟದ್ದು ಕಂಡರೆ ಯಜಮಾನರು ಗಿರಾಕಿಯನ್ನು ಒಪ್ಪಿಸಿ, ಮಧ್ಯಾಹ್ನ ಅಂಗಡಿ ಖಾಲಿಯಾದಾಗ ತಾವೇ ಮೆಟ್ಟಿಲು ಹತ್ತಿ ತಂದುಕೊಡುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾದ, ಮಾತು ಮಾತ್ರ ಇನ್ನೂ ಬಿಸಿ ಆರದ ಮನುಷ್ಯ. "ಈ ಬೀದಿಯ ಗಂಡಸರ ಮಾನವೆಲ್ಲ ನಿನ್ನ ಕೈಲಿದೆ ನೋಡು ಜಿಪ್ಪಕ್ಕ" ಅನ್ನುವರು. ಜಿಪ್ಪಕ್ಕ ನಗುವಳು. ನಗುತ್ತಲೇ ಅವರ ಹೆಗಲ ಮೇಲಿಂದ ಮೆಟ್ಟಿಲ ಕಡೆ ಒಮ್ಮೆ ಕಣ್ಣು ಹಾಯಿಸುವಳು.

ಇನ್ನು ಆಕೆ ಬಾಗಿಲು ತೆಗೆಯುವ ರೀತಿಯನ್ನು ಹೇಳಲೇಬೇಕು. ಯಾರಾದರೂ ಕದ ತಟ್ಟಿದರೆ ಮೊದಲು ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಆಮೇಲೆ ಉಸಿರು ನಿಲ್ಲುತ್ತಿತ್ತು. ಆಮೇಲೆ ಆಕೆ ಸದ್ದಿಲ್ಲದೆ ಬಂದು, ನೆಲಕ್ಕೆ ಕೆನ್ನೆ ಆನಿಸಿ, ಬಾಗಿಲ ಕೆಳಗಿನ ಸಂದಿಯಿಂದ ಹೊರಗಿನವರ ಕಾಲು ನೋಡುತ್ತಿದ್ದಳು. ಹವಾಯಿ ಚಪ್ಪಲಿ ಅಂದರೆ ಯಜಮಾನರು. ಹಿಮ್ಮಡಿ ತುಳಿದ ಬಿಳಿ ಶೂ ಅಂದರೆ ಮಗಳು ಪುಟ್ಟಿ. ಪಾಲಿಶ್ ಹಾಕಿದ ಕಂದು ಬಣ್ಣದ ಶೂ ಕಂಡರೆ ಮುಗಿಯಿತು, ಮನೆಯಲ್ಲಿ ಯಾರೂ ಇಲ್ಲ. ಹಾಗೆ ಎಷ್ಟು ಮಂದಿ ಮರ್ಯಾದಸ್ಥ ಗಿರಾಕಿಗಳು ಕಂದು ಶೂ ಹಾಕಿದ ಒಂದೇ ತಪ್ಪಿಗೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋದರೋ ಲೆಕ್ಕವಿಲ್ಲ. ಪುಟ್ಟಿ ಇದನ್ನು ಆಟವೆಂದುಕೊಂಡು ತಾನೂ ಪಕ್ಕದಲ್ಲಿ ಬೋರಲು ಬೀಳುತ್ತಿದ್ದಳು. ತಾಯಿಯ ಎದೆ ಧಡಧಡನೆ ಹೊಡೆದುಕೊಳ್ಳುವುದು ನೆಲಕ್ಕೆ ಗೊತ್ತಾಗುತ್ತಿತ್ತೇ ಹೊರತು ಮಗುವಿಗೆ ಗೊತ್ತಾಗುತ್ತಿರಲಿಲ್ಲ.

ಕಂದು ಶೂ ಪುಟ್ಟಿಯ ಅಪ್ಪನದು. ಅವನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಕಲಿಯುವವರು ಗೋಡೆಗೆ ಗುದ್ದಿದರೂ ದನಿ ಏರಿಸದವನು ಎಂದು ಹೆಸರು. ನಿಜ, ದನಿಯನ್ನು ಅವನು ಮನೆಯಲ್ಲೂ ಏರಿಸಿದವನಲ್ಲ. ಕೆಲಸಕ್ಕೆ ಹೊರಡುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ, ಅದೂ ಮೆತ್ತಗೆ. ಸಂಜೆ ಬಂದು ಶೂ ಬಿಚ್ಚುತ್ತಾ, "ಕಿಟಕೀಲಿ ತುಂಬಾ ಹೊತ್ತು ನಿಂತಿದ್ಯಂತಲ್ಲ? ಯಾರು ಬಂದಿದ್ರು? ಏನಿಲ್ಲ, ಸುಮ್ನೆ ಕೇಳ್ದೆ" ಎನ್ನುತ್ತಿದ್ದ. ಆ 'ಸುಮ್ನೆ ಕೇಳ್ದೆ' ಬಂದರೆ ಜಿಪ್ಪಕ್ಕನ ನಾಲಿಗೆ ಒಣಗುತ್ತಿತ್ತು, ಯಾಕೆಂದರೆ ಅವನು ಸುಮ್ಮನೆ ಏನನ್ನೂ ಕೇಳುತ್ತಿರಲಿಲ್ಲ. ಒಂದು ದಿನ ಆಕೆಯ ಕೈ ಬಾಗಿಲ ಸಂದಿಯಲ್ಲಿದ್ದಾಗಲೇ ಬಾಗಿಲು ಹಾಕಿದ. ನೋಡಿಕೊಂಡೇ ಹಾಕಿದ. ಆಮೇಲೆ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋದ, ಗುಣವಾಗುವವರೆಗೂ ತಾನೇ ತುತ್ತು ಮಾಡಿ ತಿನ್ನಿಸಿದ. ನೋಡಲು ಬಂದ ಜಿಪ್ಪಕ್ಕನ ತಾಯಿ ಕಣ್ಣೀರು ಒರೆಸಿಕೊಂಡು, "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಕಣೇ" ಅಂದುಬಿಟ್ಟರು. ಆ ಮಾತು ಕೇಳಿದ ಮೇಲೆ ಯಾರಿಗೆ ಏನು ಹೇಳುವುದು? ಬಾಯಿಗೆ ಬೀಗ ಬಿತ್ತು.

ಅವನು ಬೀಗ ಹಾಕಲು ಮರೆತ ಒಂದು ಬೆಳಿಗ್ಗೆ ಆಕೆ ಹೊಲಿಗೆ ಯಂತ್ರವನ್ನು ಸ್ಟ್ಯಾಂಡಿನಿಂದ ಬಿಚ್ಚಿ, ದುಪ್ಪಟಿಯಲ್ಲಿ ಸುತ್ತಿ, ಒಂದು ಕಂಕುಳಲ್ಲಿ ಅದು, ಇನ್ನೊಂದು ಕೈಯಲ್ಲಿ ಪುಟ್ಟಿ, ಹೀಗೆ ಬಸ್ಸು ಹತ್ತಿದಳು. ಬೇರೆ ಊರು, ಬೇರೆ ಬೀದಿ, ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ, ಒಂದೇ ಬಾಗಿಲು. ಗಂಡ ಹಡಗಿನ ಕೆಲಸದಲ್ಲಿದ್ದಾರೆ, ಬರುವುದು ಅಪರೂಪ ಎಂದು ಬೀದಿಗೆಲ್ಲ ಹೇಳಿದ್ದಳು. ವಿಳಾಸ ಗೊತ್ತಿದ್ದದ್ದು ತಾಯಿಗೆ ಮತ್ತು ತಮ್ಮನಿಗೆ ಮಾತ್ರ. ಗಂಡನಿಗೆ ಈ ಜಾಗ ತಿಳಿಯಬಾರದು. ಆಕೆಯ ಬದುಕಿನಲ್ಲಿ ಉಳಿದಿದ್ದ ಆಸೆಯೆಲ್ಲ ಅಷ್ಟೆ.

ತಮ್ಮ ಫ್ರಿಜ್ ರಿಪೇರಿ ಮಾಡುವವನು. ಹುಡುಗ ಒಳ್ಳೆಯವನು, ಆದರೆ ಲೋಕದಲ್ಲಿ ಕೆಟ್ಟು ನಿಂತದ್ದಕ್ಕೆಲ್ಲ ಒಂದಿಷ್ಟು ಗ್ಯಾಸ್ ತುಂಬಿದರೆ ಮತ್ತೆ ತಣ್ಣಗೆ ನಡೆಯುತ್ತದೆ ಎಂದು ನಂಬಿದವನು. ಅಕ್ಕ ನೆಲಕ್ಕೆ ಬಿದ್ದು ಸಂದಿಯಿಂದ ನೋಡುವುದನ್ನು ಒಮ್ಮೆ ಹೊರಗೆ ನಿಂತೇ ಪತ್ತೆ ಹಚ್ಚಿದ. ಸಂದಿಯಲ್ಲಿ ಒಂದು ಕಣ್ಣು ಕಂಡಿತ್ತಂತೆ. ಮುಂದಿನ ಸಲ ಬಂದಾಗ ಕೈಯಲ್ಲಿ ಒಂದು ಪೆಟ್ಟಿಗೆ.

"ಏನೋ ಇದು?"

"ಸ್ಮಾರ್ಟ್ ಬೆಲ್ಲು. ಒಳಗೆ ಕ್ಯಾಮೆರಾ ಇರುತ್ತೆ. ಯಾರು ಬಂದ್ರೂ ನಿನ್ ಫೋನಲ್ಲಿ ಮುಖ ಕಾಣುತ್ತೆ, ಬಾಗಿಲು ತೆಗೀದೇನೇ ಮಾತಾಡ್ಬಹುದು. ಇನ್ಮೇಲೆ ನೆಲ ಒರೆಸೋ ಕೆಲ್ಸ ಕೆನ್ನೆಗೆ ಬೇಡ."

"ಇಷ್ಟೆಲ್ಲ ಯಾಕೋ ತರಕ್ಕೆ ಹೋದೆ?"

"ತಂದಾಯ್ತಲ್ಲ, ಸುಮ್ನಿರು" ಎಂದು ಅವನು ಡ್ರಿಲ್ಲಿಂಗ್ ಮೆಷಿನ್ ತೆಗೆದ.

ಚೌಕಟ್ಟಿನ ಪಕ್ಕದ ಗೋಡೆಗೆ ರಂಧ್ರ ಕೊರೆದು, ಪ್ಲಾಸ್ಟಿಕ್ ಪ್ಲಗ್ಗು ಬಡಿದು, ಹಿಂಬದಿಯ ತಟ್ಟೆಯನ್ನು ಕೂರಿಸಿ, ಬ್ಯಾಟರಿ ತುಂಬಿದ ಬೆಲ್ಲನ್ನು ಅದರ ಮೇಲೆ ಟಕ್ಕೆಂದು ಒತ್ತಿ, ಬುಡದಲ್ಲಿ ಸಣ್ಣ ಸ್ಕ್ರೂ ಬಿಗಿದ. ಗೋಡೆಯ ಪುಡಿ ಮೆಟ್ಟಿಲಿಗೆಲ್ಲ ಚೆಲ್ಲಿತು. ಕೆಳಗಿನಿಂದ ಯಜಮಾನರು "ಕಟ್ಟಡ ಉಳಿಸ್ರಪ್ಪಾ" ಎಂದು ಕೂಗಿದರು. ಗುಂಡಿ ಒತ್ತಿದಾಗ ಕೂಗುವ ಪೆಟ್ಟಿಗೆಯನ್ನು ತಮ್ಮ ಒಳಗೆ, ಹೊಲಿಗೆ ಯಂತ್ರದ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದ. ಆಮೇಲೆ ಮೆಟ್ಟಿಲ ಮೇಲೆ ಕೂತು ತುಂಬಾ ಹೊತ್ತು ಫೋನಿನಲ್ಲಿ ಏನೇನೋ ಒತ್ತಿದ. ಆಕೆಯ ಫೋನನ್ನೂ ಕೇಳಿ ತೆಗೆದುಕೊಂಡ. ಜಿಪ್ಪಕ್ಕ ಅವನ ಹಿಂದೆ ಕಸಬರಿಗೆ ಹಿಡಿದು ನಿಂತಿದ್ದಳು, ಏನು ಒತ್ತುತ್ತಿದ್ದಾನೆಂದು ಕೇಳಲಿಲ್ಲ. ಒಡಹುಟ್ಟಿದ ತಮ್ಮನನ್ನು ಯಾರಾದರೂ ಕೇಳುತ್ತಾರೆಯೇ?

ಸುಳ್ಳು ಯಾಕೆ, ಬೆಲ್ಲು ಬಂದ ಮೇಲೆ ಆಕೆಗೆ ಜೀವ ಬಂದಂತಾಯಿತು. ಮೊದಮೊದಲು ಬೆಕ್ಕು ಹಾದುಹೋದರೂ ಫೋನು ಕುಣಿಯುತ್ತಿತ್ತು, ಪ್ರತಿ ಸಲ ಸೂಜಿ ಬಿಟ್ಟು ನೋಡುತ್ತಿದ್ದಳು. ಬೆಕ್ಕು, ಯಜಮಾನರು, ಮೇಲಿನ ಮನೆಯ ಕೊಡೆ, ಮತ್ತೆ ಬೆಕ್ಕು. ಕೊನೆಗೆ ಬೇಸತ್ತು ಆ ಸದ್ದು ನಿಲ್ಲಿಸಿದಳು. ಗುಂಡಿ ಒತ್ತಿದಾಗ ಮಾತ್ರ ಯಂತ್ರದ ಪಕ್ಕದ ಪೆಟ್ಟಿಗೆ ಕೂಗುತ್ತಿತ್ತು, ಆಗ ನೋಡಿದರೆ ಸಾಕಲ್ಲ. ಹೆಗಲು ಸಡಿಲಾಯಿತು. ಊಟ ಗಂಟಲಲ್ಲಿ ಇಳಿಯಿತು. ಕಂದು ಶೂ ಹಾಕಿದವರ ಪ್ಯಾಂಟುಗಳೂ ಒಳಗೆ ಬಂದವು. ಯಜಮಾನರು ಬಂದಾಗ ಬಾಗಿಲನ್ನು ಪೂರ್ತಿ ತೆಗೆದು, ಚೌಕಟ್ಟಿಗೆ ಒರಗಿ ನಿಂತು ಮಾತಾಡುವಷ್ಟು ಧೈರ್ಯ ಬಂತು. ಅವರು ಯಾವುದೋ ಗಿರಾಕಿಯ ಹೊಟ್ಟೆ ಜಿಪ್ಪನ್ನು ಹೇಗೆ ಸೋಲಿಸಿತೆಂದು ಅಭಿನಯ ಮಾಡಿ ತೋರಿಸಿದರೆ, ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಗುವಳು. ಅಷ್ಟು ಜೋರಾಗಿ ನಕ್ಕು ಎಷ್ಟೋ ವರ್ಷವಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ತಾಯಿಯ ಫೋನು ಬಂತು.

ಜಿಪ್ಪಕ್ಕನ ತಾಯಿ ಫೋನಿನಲ್ಲಿ ಮಾತಾಡುವುದೆಂದರೆ ಬೈಯುವುದು. ಊಟ ಮಾಡಿದ್ದರೆ ಯಾಕೆ ಇಷ್ಟು ಬೇಗ, ಮಾಡದಿದ್ದರೆ ಯಾಕೆ ಇಷ್ಟು ತಡ. ಅಂದು ಬೈಗುಳವೇ ಇಲ್ಲ. ಹವಾಮಾನ ವಿಚಾರಿಸಿದರು. ಪುಟ್ಟಿಯ ಕೆಮ್ಮು ವಿಚಾರಿಸಿದರು. ಆಮೇಲೆ ಮೆತ್ತಗೆ, ಯಾರೋ ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗೆ, "ಆ ಬಿಳಿ ತಲೆಯವರು ದಿನಾ ಮಧ್ಯಾಹ್ನ ಬರ್ತಾರಂತಲ್ಲ? ಬಾಗಿಲಲ್ಲಿ ತುಂಬಾ ಹೊತ್ತು ನಿಂತು ನಗ್ತೀಯಂತೆ. ಏನಿಲ್ಲ, ಸುಮ್ನೆ ಕೇಳ್ದೆ" ಎಂದರು.

ಜಿಪ್ಪಕ್ಕ ಕೈಯಲ್ಲಿದ್ದ ಪ್ಯಾಂಟು ಕೆಳಗಿಟ್ಟಳು. ತಾಯಿಯ ಬಾಯಲ್ಲಿ ಈ ಮಾತು ಹುಟ್ಟುವುದಲ್ಲ. ಅವರಿಗೆ ಕೇಳಬೇಕೆನಿಸಿದರೆ "ಯಾವನೇ ಅವನು?" ಎಂದು ಮೂರು ಮನೆಗೆ ಕೇಳುವ ಹಾಗೆ ಕೇಳುತ್ತಾರೆ. ಈ ಮೆತ್ತನೆಯ ಪ್ರಶ್ನೆಯ ತವರುಮನೆ ಬೇರೆ ಎಂದು ಆಕೆಗೆ ಗೊತ್ತಿತ್ತು.

"ಯಾರಮ್ಮ ಹೇಳಿದ್ದು ನಿಂಗೆ?"

"ಯಾರು ಹೇಳ್ತಾರೆ? ನಿನ್ ತಮ್ಮ ಹೇಳಿರ್ಬೇಕು. ಹಾಲು ಉಕ್ತಾ ಇದೆ, ಇಡ್ತೀನಿ" ಎಂದು ತಾಯಿ ಫೋನು ಇಟ್ಟೇಬಿಟ್ಟರು.

ಕೂಡಲೇ ತಮ್ಮನಿಗೆ ಫೋನು ಮಾಡಿದಳು. ಅವನು ಎತ್ತಿದಾಗ ಹಿಂದೆ ಯಾವುದೋ ಫ್ರಿಜ್ಜು ಗುಂಯ್ ಅನ್ನುತ್ತಿತ್ತು.

"ಲೋ, ಈ ಬೆಲ್ಲು ಯಾರ್ಯಾರ ಫೋನಲ್ಲಿ ಕಾಣ್ಸುತ್ತೆ?"

"ನಿನ್ ಫೋನಲ್ಲಿ, ನನ್ ಫೋನಲ್ಲಿ. ಯಾಕೆ?"

"ಇನ್ಯಾರ ಫೋನಲ್ಲಿ?"

ಅವನು ಫ್ರಿಜ್ಜು ಆರಿಸಿದ. ಆಮೇಲೆ, "ಕೋಪ ಮಾಡ್ಕೊಳ್ಳಲ್ಲ ಅಂತ ಮೊದ್ಲು ಹೇಳಕ್ಕ."

"ಮೊದ್ಲು ನೀನು ಹೇಳು."

"ಭಾವ ಅತ್ತುಬಿಟ್ರಕ್ಕ. ನನ್ ಎದುರಿಗೆ ಕೂತು, ಅಷ್ಟು ದೊಡ್ಡ ಗಂಡಸು, ಚಿಕ್ ಮಕ್ಳ ಥರ. ಮಗಳು ಸ್ಕೂಲಿಗೆ ಹೋಗೋದೊಂದು ಕಣ್ಣಿಗೆ ಬಿದ್ರೆ ಸಾಕು, ಇನ್ನೇನೂ ಬೇಡ ಅಂದ್ರು. ನಂಗೆ ಕರುಳು ಚುರುಕ್ ಅಂತು. ಅಡ್ರೆಸ್ ಹೇಳಿಲ್ಲ, ನಿನ್ನಾಣೆ. ಒಂದು ಬಾಗಿಲು, ನಾಲ್ಕು ಮೆಟ್ಲು, ಅಷ್ಟು ತಾನೆ ಅದ್ರಲ್ಲಿ ಕಾಣೋದು? ಅದ್ರಿಂದ ಯಾರಿಗೇನು ತೊಂದ್ರೆ? ದಿನಾ ನೋಡ್ತಾ ನೋಡ್ತಾ ನಿಮ್ಮಿಬ್ರ ಮಧ್ಯೆ ಸರಿಹೋಗುತ್ತೆ ಅಂತ..."

ಆಕೆ ಕರೆ ಕತ್ತರಿಸಿ, ಫೋನಿನಲ್ಲಿ ಬೆಲ್ಲಿನ ಚಿತ್ರ ತೆಗೆದು, ಇಷ್ಟು ದಿನ ತಾನು ನೋಡಿದ್ದನ್ನು ಮೊದಲ ಸಲ ಗಂಡನ ಕಣ್ಣಿನಿಂದ ನೋಡಿದಳು. ಮೆಟ್ಟಿಲ ತಿರುವಿನಲ್ಲಿ ಒಂದು ಕಿಟಕಿ. ಕಿಟಕಿಯಾಚೆ, ಬೀದಿಯ ಎದುರು ಬದಿಯಲ್ಲಿ, ಔಷಧಿ ಅಂಗಡಿಯ ಬೋರ್ಡು. ಅದರ ಮೇಲೆ ಅಂಗಡಿಯ ಹೆಸರು, ಬೀದಿಯ ಹೆಸರು, ಕೆಳಗೆ ಫೋನು ನಂಬರು, ಬಣ್ಣ ಹಾಕಿ ಬರೆಸಿದ್ದು, ಅಕ್ಷರ ಕಲಿಯುವ ಮಗುವೂ ಓದಬಹುದಾದಷ್ಟು ದಪ್ಪಗೆ. ಅಡ್ರೆಸ್ ಹೇಳಿಲ್ಲವಂತೆ! ಹೇಳುವ ಅಗತ್ಯ ಎಲ್ಲಿತ್ತು? ಬೆಲ್ಲು ಹಾಕಿದ ದಿನದಿಂದ ಅವನಿಗೆ ಎಲ್ಲ ಗೊತ್ತು. ಆಕೆ ಹೆಗಲು ಸಡಿಲಿಸಿ ಊಟ ಮಾಡುತ್ತಿದ್ದ ದಿನಗಳಲ್ಲಿ, ಚೌಕಟ್ಟಿಗೆ ಒರಗಿ ನಗುತ್ತಿದ್ದ ಮಧ್ಯಾಹ್ನಗಳಲ್ಲಿ, ಅವನು ಎಲ್ಲೋ ಕೂತು ತಣ್ಣಗೆ ನೋಡುತ್ತಿದ್ದ.

ಓಡಬೇಕು ಅನ್ನಿಸಿತು. ಯಂತ್ರ ಬಿಚ್ಚು, ದುಪ್ಪಟಿ ತೆಗೆ. ಆದರೆ ಓಡುವುದು ಹೇಗೆ? ಇರುವುದು ಒಂದೇ ಬಾಗಿಲು, ಆ ಬಾಗಿಲಿಗೆ ಅವನ ಕಣ್ಣು. ಗಂಟು ಹೊತ್ತು ಹೊಸ್ತಿಲು ದಾಟಿದ ಕೂಡಲೇ ಅವನಿಗೆ ಕಾಣುತ್ತದೆ. ಹಳೆಯ ಮನೆಯಲ್ಲಿ ಅವನು ಹೊರಗಿನಿಂದ ಬೀಗ ಹಾಕಬೇಕಿತ್ತು, ಇಲ್ಲಿ ಅದೂ ಬೇಕಿರಲಿಲ್ಲ. ಪುಟ್ಟಿಯ ವ್ಯಾನು ಬರುವ ಹೊತ್ತು ಹತ್ತಿರವಾಗುತ್ತಿತ್ತು.

ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಸೂಜಿ ಬಿಗಿಯುವ ಚಿಕ್ಕ ಸ್ಕ್ರೂಡ್ರೈವರ್ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲ ಹತ್ತಿರ ಬಂದಳು. ಚಿಲಕದ ಮೇಲೆ ಕೈ ಇಟ್ಟು ನಿಂತಳು. ಒಂದು ಸಣ್ಣ ಕರೆಗಂಟೆಗೆ ಇಷ್ಟು ಹೆದರುವುದೇ ಎಂದು ಓದುವವರಿಗೆ ಅನ್ನಿಸಬಹುದು. ಅನ್ನಿಸಲಿ. ಒಳಗೆ ನಿಂತವಳಿಗೆ ಬಾಗಿಲಾಚೆ ಅವನೇ ನಿಂತ ಹಾಗಿತ್ತು, ಮತ್ತು ಒಂದು ಲೆಕ್ಕದಲ್ಲಿ ಅವನೇ ನಿಂತಿದ್ದ. ಕೊನೆಗೆ ವ್ಯಾನಿನ ನೆನಪೇ ಚಿಲಕ ಎಳೆಯಿತು.

ಹೊರಗೆ ಬಂದು, ಬೆಲ್ಲಿನ ಎದುರು ನಿಲ್ಲದೆ ಪಕ್ಕಕ್ಕೆ ಗೋಡೆಗೆ ಅಂಟಿಕೊಂಡು, ಬುಡದ ಸ್ಕ್ರೂವಿಗೆ ತುದಿ ಇಟ್ಟಳು. ತುದಿ ಜಾರಿತು. ಮತ್ತೆ ಇಟ್ಟಳು. ಆಗ ಬೆಲ್ಲಿನ ಸುತ್ತ ನೀಲಿ ಬೆಳಕಿನ ಬಳೆ ಹತ್ತಿಕೊಂಡಿತು. ಸಣ್ಣಗೆ ಕರಕರ ಸದ್ದು. ಆಮೇಲೆ ದನಿ, ಅದೇ ಏರದ, ಇಳಿಯದ ದನಿ.

"ಯಾಕೆ ತೆಗೀತಿದೀಯ? ಇರ್ಲಿ ಬಿಡು."

ಆಕೆ ಸ್ಕ್ರೂಡ್ರೈವರನ್ನು ಹಿಂದಕ್ಕೆ ಎಳೆದುಕೊಂಡಳು.

"ಒಳ್ಳೆ ಕಂಪನಿದು. ನಿನ್ ತಮ್ಮನಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ? ನಾನೇ ನೋಡಿ, ನಾನೇ ಕೊಡ್ಸಿದ್ದು. ನೀನು ಒಬ್ಳೇ ಇರ್ತೀಯ ಅಂತ."

ಹಿಂದಾದರೆ ಇಷ್ಟು ಹೊತ್ತಿಗೆ ಆಕೆ ತಲೆ ತಗ್ಗಿಸಿ "ಆಯ್ತು" ಎಂದಿರುತ್ತಿದ್ದಳು. ಇಂದೂ ಆ 'ಆಯ್ತು' ಗಂಟಲವರೆಗೆ ಬಂತು. ಅದನ್ನು ಹೇಗೋ ನುಂಗಿದಳು. ನುಂಗಿದ ಜಾಗದಿಂದ ಒಂದು ಕೂಗು ಎದ್ದಿತು. ಅದು ತನ್ನದೇ ಎಂದು ತಿಳಿಯಲು ಆಕೆಗೇ ಸ್ವಲ್ಪ ಹೊತ್ತು ಬೇಕಾಯಿತು.

"ಯಜಮಾನ್ರೇ! ಯಜಮಾನ್ರೇ, ಬೇಗ ಬನ್ನಿ!"

ಕೆಳಗೆ ಇಸ್ತ್ರಿಪೆಟ್ಟಿಗೆ ಠಣ್ಣೆಂದು ಕೂತ ಸದ್ದು, ಮೆಟ್ಟಿಲ ಮೇಲೆ ಚಪ್ಪಲಿಯ ಪಟಪಟ. ಯಜಮಾನರು ಏದುಸಿರು ಬಿಡುತ್ತಾ ಬಂದರು. ಆಕೆ ಗೋಡೆಗೆ ಆತು ನಿಂತದ್ದನ್ನು ನೋಡಿದರು. ಗೋಡೆ ಮಾತಾಡುತ್ತಿತ್ತು: "ಬೀದಿಯೋರನ್ನೆಲ್ಲ ಯಾಕೆ ಕರೀತೀಯ? ನಮ್ಮನೆ ವಿಷ್ಯ ಅಲ್ವಾ?"

"ಯಾರಮ್ಮ ಇದು?"

ಹಡಗಿನ ಕತೆ ನಾಲಿಗೆಯ ತುದಿಯಲ್ಲೇ ಇತ್ತು. ಆಕೆ ಅದನ್ನು ಬಿಟ್ಟುಬಿಟ್ಟಳು.

"ನನ್ ಗಂಡ. ಹಡಗು ಇಲ್ಲ, ಏನೂ ಇಲ್ಲ. ನಾನು ಇವನಿಗೆ ಹೆದ್ರಿ ಮಗೂನ ಕಟ್ಕೊಂಡು ಓಡಿ ಬಂದೋಳು. ಈ ಬೆಲ್ಲಲ್ಲಿ ದಿನಾ ನನ್ನ ನೋಡ್ತಾ ಇದಾನೆ. ನಿಮ್ಮನ್ನೂ."

ಯಜಮಾನರು ಬೆಲ್ಲಿಗೆ ಮುಖ ಕೊಟ್ಟು ಎದುರಿಗೇ ನಿಂತರು. ಜೀವನದಲ್ಲಿ ಮೊದಲ ಸಲ ಅವರಿಗೆ ಜೋಕು ಹೊಳೆಯಲಿಲ್ಲ. "ಯಾರಪ್ಪ ನೀನು? ಹೇಳು, ಕೇಳಿಸ್ಕೋತೀನಿ" ಎಂದರು. ನೀಲಿ ಬಳೆ ಆರಿಹೋಯಿತು. ಮೂರನೆಯವರ ಎದುರಿಗೆ ಅವನಿಗೆ ಯಾವತ್ತೂ ಇಂಥ ಮಾತು ಇರುತ್ತಿರಲಿಲ್ಲ.

ಸ್ಕ್ರೂ ಬಿಚ್ಚಿದವರು ಯಜಮಾನರು. ಬ್ಯಾಟರಿ ಕಿತ್ತು ಒಂದು ಜೇಬಿಗೆ, ಬೆಲ್ಲನ್ನು ಇನ್ನೊಂದು ಜೇಬಿಗೆ ಹಾಕಿಕೊಂಡು, "ನಡಿ, ಮಗು ಬರೋ ಹೊತ್ತಾಯ್ತು" ಎಂದು ಆಕೆಯನ್ನು ಕೆಳಗೆ ಕರೆದುಕೊಂಡು ಹೋದರು. ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟರು. ನೀರು ಕುಡಿಯುತ್ತಾ ಆಕೆ ಬೀದಿಯ ಆ ತುದಿ ಈ ತುದಿ ನೋಡಿದಳು. ನಿಂತ ಕಾರುಗಳೆಲ್ಲ ತನ್ನನ್ನೇ ಕಾಯುತ್ತಿರುವಂತೆ ಕಂಡವು. ಭಯ ಹೋಗಿರಲಿಲ್ಲ, ಆದರೆ ಇಬ್ಬರಿಗೆ ಗೊತ್ತಿರುವ ಭಯ ಒಬ್ಬಳೇ ಹೊರುವ ಭಯಕ್ಕಿಂತ ತುಸು ಹಗುರವಾಗಿತ್ತು.

ವ್ಯಾನು ಬಂತು. ಪುಟ್ಟಿ ಇಳಿದಳು, ಒಂದು ಜಡೆ ಬಿಚ್ಚಿಹೋಗಿತ್ತು. ಆಕೆ ಓಡಿ ಹೋಗಿ ತಬ್ಬಿಕೊಂಡಳು. ಬಂತು, ಮಗು ಬಂತು. ಇನ್ನು ಉಳಿದದ್ದನ್ನು ನೋಡಿಕೊಳ್ಳಬಹುದು.

"ಅಮ್ಮ, ಬಿಡು, ಬ್ಯಾಗ್ ಚುಚ್ಚುತ್ತೆ" ಎಂದು ಕೊಸರಿಕೊಂಡ ಪುಟ್ಟಿಯ ಕಣ್ಣು ಯಜಮಾನರ ಜೇಬಿನ ಮೇಲೆ ಬಿತ್ತು. "ಅಜ್ಜ, ನಮ್ ಬೆಲ್ಲು ಯಾಕೆ ನಿಮ್ ಹತ್ರ ಇದೆ?"

"ಕೆಟ್ಟೋಗಿತ್ತು ಮಗಾ. ತೆಗೆದ್ಬಿಟ್ವಿ. ಇನ್ಮೇಲೆ ಅದು ಬೇಡ."

ಪುಟ್ಟಿಯ ಮುಖ ಸಣ್ಣದಾಯಿತು.

"ಹಾಗಾದ್ರೆ ಅಪ್ಪ ಎಲ್ಲಿಂದ ಮಾತಾಡ್ತಾರೆ?"

ಜಿಪ್ಪಕ್ಕ ಮಗಳ ಎದುರು ಕುಕ್ಕರಿಸಿದಳು.

"ಅಪ್ಪ ಮಾತಾಡ್ತಾರಾ?"

"ದಿನಾ. ನಾನು ಮೆಟ್ಲ ಮೇಲೆ ಕೂತು ಶೂ ಬಿಚ್ತೀನಲ್ಲ, ಆಗ. ನಿನ್ ಮೆಷಿನ್ ಸದ್ದಿಗೆ ನಿಂಗೆ ಕೇಳ್ಸಲ್ಲ." ಪುಟ್ಟಿ ಯಜಮಾನರ ಕಡೆ ನೋಡಿ ದನಿ ತಗ್ಗಿಸಿದಳು. "ಅಮ್ಮಂಗೆ ಹೇಳ್ಬೇಡ, ಸರ್‌ಪ್ರೈಸ್ ಅಂದಿದ್ರು. ನಾಳೆ ಸ್ಕೂಲ್ ಬಿಟ್ಮೇಲೆ ವ್ಯಾನಿಗೆ ಹತ್ಬೇಡ, ಗೇಟ್ ಹತ್ರ ನಿಂತಿರು, ನಾನೇ ಬರ್ತೀನಿ ಅಂತ ಇವತ್ತು ಬೆಳಿಗ್ಗೆ ಶೂ ಹಾಕ್ಕೊಳ್ವಾಗ ಹೇಳಿದಾರೆ."

ಜಿಪ್ಪಕ್ಕ ಮಗಳ ಬೆನ್ನಿನಿಂದ ಬ್ಯಾಗು ಬಿಡಿಸಿ ತನ್ನ ಹೆಗಲಿಗೆ ಹಾಕಿಕೊಂಡಳು. ಮಹಡಿಯ ಕಡೆ ತಿರುಗಿಯೂ ನೋಡಲಿಲ್ಲ, ಬಾಗಿಲು ತೆರೆದೇ ಇತ್ತು. ಪುಟ್ಟಿಯ ಮಣಿಕಟ್ಟನ್ನು, ಮಗು ಅಯ್ಯೋ ಅನ್ನುವಷ್ಟು ಬಿಗಿಯಾಗಿ ಹಿಡಿದುಕೊಂಡು, ಯಜಮಾನರ ಕಡೆ ತಿರುಗಿದಳು.

"ಪೊಲೀಸ್ ಸ್ಟೇಷನ್ ಯಾವ ಕಡೆ ಬರುತ್ತೆ?" ಎಂದು ಕೇಳಿದಳು.

ಯಜಮಾನರು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು, ಅಂಗಡಿಯ ಬಾಗಿಲು ಎಳೆದುಕೊಂಡು ಅವರ ಜೊತೆಗೆ ಹೊರಟರು.